ಎಳೆದು ಗಟ್ಟಿಯಾದ ಹಾಳೆ



ನಿಮ್ಮ ಕಾಗದ ತಲುಪಿತು. ಕಾಫಿ ಪುಡಿಯ ಪೊಟ್ಟಣ ಎಷ್ಟು ಜಗ್ಗಿದರೂ ಬಾಯಿ ಬಿಡುವುದಿಲ್ಲ, ಅಂಚಿನ ಪುಟ್ಟ ಕಚ್ಚಿನಲ್ಲಿ ಹಿಡಿದರೆ ಮಾತ್ರ ಸರ್ರನೆ ಹರಿಯುತ್ತದೆ, ಯಾಕೆ ಎಂದು ಕೇಳಿದ್ದೀರಿ. ಅಂಥ ಎಷ್ಟೋ ಪೊಟ್ಟಣಗಳ ಹೊರಪದರ ಪಾಲಿಯೆಸ್ಟರ್ ಫಿಲ್ಮು. ಟೆರಿಲಿನ್ ಅಂಗಿ, ನೀರಿನ ಬಾಟಲಿ, ಹಳೆಯ ಕ್ಯಾಸೆಟ್ಟಿನ ಟೇಪು, ಎಲ್ಲದರ ಮೂಲವಸ್ತುವೂ ಅದೇ: 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ತಯಾರಿಸಿದ ಪಿಇಟಿ ಎಂಬ ಪಾಲಿಯೆಸ್ಟರ್. ಆದರೆ ಹಾಳೆಯ ಗುಣ ರಸಾಯನದಿಂದ ಬಂದದ್ದಕ್ಕಿಂತ ಎಳೆತದಿಂದ ಬಂದದ್ದೇ ಹೆಚ್ಚು.

ಕಾರ್ಖಾನೆಯಲ್ಲಿ ಪಿಇಟಿಯನ್ನು ಸುಮಾರು 280 ಡಿಗ್ರಿಯಲ್ಲಿ ಕರಗಿಸಿ, ಉದ್ದನೆಯ ಕಿರುಬಾಯಿಯಿಂದ ತಣ್ಣನೆಯ ಉಕ್ಕಿನ ಉರುಳೆಯ ಮೇಲೆ ಇಳಿಸುತ್ತಾರೆ. ಥಟ್ಟನೆ ತಣಿದದ್ದರಿಂದ ಒಳಗಿನ ಅಣು ಸರಪಳಿಗಳಿಗೆ ಸಾಲಾಗಿ ಕೂರಲು ಪುರುಸೊತ್ತೇ ಇರುವುದಿಲ್ಲ. ಬೇಯಿಸಿ ಸುರಿದ ಶಾವಿಗೆಯ ಹಾಗೆ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಈ ಹಾಳೆಯನ್ನು ಎಳೆಯದೆ ಸುಮ್ಮನೆ 150 ಡಿಗ್ರಿಗೆ ಕಾಯಿಸಿದರೆ ಸ್ಫಟಿಕಗಳೇನೋ ಬೆಳೆಯುತ್ತವೆ, ದಿಕ್ಕುದೆಸೆಯಿಲ್ಲದೆ, ಗುಂಡುಗುಂಡಾಗಿ. ಹಾಳೆ ಬೆಳ್ಳಗಾಗಿ, ಬಗ್ಗಿಸಿದರೆ ಮುರಿಯುತ್ತದೆ.

ಮೊದಲು ಎಳೆದರೆ ಕತೆಯೇ ಬೇರೆ. ಸುಮಾರು 75 ಡಿಗ್ರಿ ದಾಟಿದ ಮೇಲೆ ಸರಪಳಿಗಳಿಗೆ ಚಲನೆ ಬರುತ್ತದೆ. ಅದಕ್ಕಿಂತ ತುಸು ಮೇಲಿನ ಬಿಸಿಯಲ್ಲಿ, ಮುಂದಿನ ಉರುಳೆಯನ್ನು ಹಿಂದಿನದಕ್ಕಿಂತ ಮೂರು, ಮೂರೂವರೆ ಪಟ್ಟು ವೇಗವಾಗಿ ತಿರುಗಿಸಿ ಹಾಳೆಯನ್ನು ಉದ್ದಕ್ಕೆ ಎಳೆಯುತ್ತಾರೆ. ಸರಪಳಿಗಳು ಸಿಕ್ಕು ಬಿಡಿಸಿಕೊಂಡು ಎಳೆತದ ದಿಕ್ಕಿಗೆ ತಿರುಗುತ್ತವೆ, ಅವುಗಳೊಳಗಿನ ಗ್ಲೈಕಾಲ್ ತುಂಡುಗಳು ಮಡಿಕೆ ಬಿಟ್ಟು ನೆಟ್ಟಗಾಗುತ್ತವೆ. ನೆಟ್ಟಗಾದವು ಪಕ್ಕಪಕ್ಕ ಬಂದಲ್ಲಿ ಸ್ಫಟಿಕ ಹುಟ್ಟುತ್ತದೆ. ಬರಿಯ ಬಿಸಿಗೆ ಬಹಳ ಹೊತ್ತು ಹಿಡಿಯುವ ಕೆಲಸ ಇದು. ಎಳೆತ ಅದನ್ನು ಕ್ಷಣದಲ್ಲಿ ಮುಗಿಸುತ್ತದೆ. ಈ ಸ್ಫಟಿಕಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಚಿಕ್ಕವು, ಆದ್ದರಿಂದಲೇ ಹಾಳೆ ಬೆಳ್ಳಗಾಗದೆ ತಿಳಿಯಾಗಿ ಉಳಿಯುತ್ತದೆ. ಅವುಗಳ ರಚನೆಯನ್ನು ಡೌಬೆನಿ, ಬನ್ ಮತ್ತು ಬ್ರೌನ್ 1954ರಲ್ಲಿ ಎಕ್ಸ್‌ರೇಯಿಂದ ಬಿಡಿಸಿಟ್ಟರು. ಬಿಗಿಯಾಗಿ ಅಡಕಗೊಂಡ ಸ್ಫಟಿಕದ ಸಾಂದ್ರತೆ ಘನ ಸೆಂಟಿಮೀಟರಿಗೆ 1.455 ಗ್ರಾಂ, ಸಿಕ್ಕುಗಟ್ಟಿದ ಭಾಗದ್ದು ಸುಮಾರು 1.335.

ಉದ್ದಕ್ಕಷ್ಟೇ ಎಳೆದು ಬಿಟ್ಟರೆ ಹಾಳೆ ಒಂದೇ ದಿಕ್ಕಿಗೆ ಗಟ್ಟಿ. ಅದಕ್ಕೇ ಎರಡೂ ಅಂಚನ್ನು ಕ್ಲಿಪ್ಪುಗಳಿಂದ ಕಚ್ಚಿ ಹಿಡಿದು, ಓವನ್ನಿನೊಳಗೆ ಅಗಲಕ್ಕೂ ಎಳೆಯುತ್ತಾರೆ. ಆಗ ಒಂದಷ್ಟು ಸರಪಳಿಗಳು ಅಡ್ಡಕ್ಕೆ ಹೊರಳುತ್ತವೆ, ಸರಪಳಿಗಳೊಳಗಿನ ಬೆಂಜೀನ್ ಉಂಗುರಗಳು ಹಾಳೆಯ ಮೈಗೆ ಸಮಾನಾಂತರವಾಗಿ ಮಲಗುತ್ತವೆ. ಕೊನೆಗೆ ಕ್ಲಿಪ್ಪು ಬಿಡದೆಯೇ 200 ಡಿಗ್ರಿಗೂ ಮೇಲೆ ಕಾಯಿಸಿ ಸ್ಫಟಿಕಗಳನ್ನು ಭದ್ರಪಡಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಕಸುಬಿನ ಜಾಣತನ ಇರುವುದು ಇಲ್ಲೇ. ಇದನ್ನು ಬಿಟ್ಟರೆ ಎಳೆದದ್ದೆಲ್ಲ ಬಿಸಿ ತಾಗಿದೊಡನೆ ವಾಪಸ್ಸು ಮುದುಡುತ್ತದೆ. ಸಾಮಾನ್ಯ ನೀರಿನ ಬಾಟಲಿಗೆ ಕುದಿನೀರು ಹೊಯ್ದರೆ ಆಗುವುದು ಅದೇ.

ಇಷ್ಟು ಮಾಡಿದರೂ ಹಾಳೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಓವನ್ನಿಗೆ ಹೋಗುವ ಮೊದಲು ಅಡ್ಡಲಾಗಿ ಒಂದು ನೇರ ಗೆರೆ ಎಳೆದರೆ ಹೊರಬರುವಾಗ ಅದು ಬಿಲ್ಲಾಗಿರುತ್ತದೆ: ಕ್ಲಿಪ್ಪಿನ ಹಿಡಿತವಿಲ್ಲದ ನಡುಭಾಗ ಹಿಂದೆ ಬಿದ್ದಿರುತ್ತದೆ. ಅಂಚಿನ ಬಳಿ ಸರಪಳಿಗಳ ದಿಕ್ಕು ಓರೆಯಾಗುವುದು ಇದರಿಂದಲೇ.

ಈಗ ನಿಮ್ಮ ಪ್ರಶ್ನೆ. ಎರಡೂ ದಿಕ್ಕಿಗೆ ಎಳೆದ ಹಾಳೆಯಲ್ಲಿ ಮೊದಲ ಸೀಳು ಮೂಡುವುದು ಕಷ್ಟ. ಆದರೆ ಸರಪಳಿಗಳು ಆಗಲೇ ಹಿಗ್ಗಿರುವುದರಿಂದ, ಮತ್ತೆ ಹಿಗ್ಗಿ ಸೀಳಿನ ಮೊನೆಯನ್ನು ಮೊಂಡು ಮಾಡುವ ಶಕ್ತಿ ಹಾಳೆಗೆ ಅಷ್ಟಾಗಿ ಉಳಿದಿರುವುದಿಲ್ಲ. ಕಚ್ಚು ಬಿತ್ತೋ, ಜಗ್ಗಿದ ಬಲವೆಲ್ಲ ಆ ಮೊನೆಗೇ ಬಂದು ಕೂರುತ್ತದೆ.

ಮನೆಯಲ್ಲಿ ಹಳೆಯ ಓವರ್‌ಹೆಡ್ ಪ್ರೊಜೆಕ್ಟರಿನ ಪಾರದರ್ಶಕ ಪಿಇಟಿ ಹಾಳೆ ಇದ್ದರೆ ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಹಿಡಿದು, ಪೋಲರಾಯ್ಡ್ ಕನ್ನಡಕದಿಂದ ನೋಡುತ್ತ ನಿಧಾನವಾಗಿ ತಿರುಗಿಸಿ. ಸರಪಳಿಗಳು ಸಾಲುಗಟ್ಟಿದ ಗುರುತು ಬಣ್ಣವಾಗಿ ಕಾಣಬೇಕು. ಕಂಡದ್ದನ್ನು ತಪ್ಪದೆ ಬರೆಯಿರಿ.

ಇಂತು ನಿಮ್ಮ ಗೆಳೆಯ