ಒಂದು ಡಬ್ಬಿ ಕಟ್ಟಿಸುವ ಮಾತು

ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರು ಮನೆಗೆ ಬಂದ ದಿನದ ಸಡಗರವನ್ನು ನೀವು ನೋಡಿರಬೇಕು. ಆರತಿ, ಕುಂಬಳಕಾಯಿ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಓಣಿಗೆಲ್ಲ ಪೇಡೆ. ಹೊಸ ಸೊಸೆ ಬಂದರೂ ಅಷ್ಟು ಜನ ಬಾಗಿಲಿಗೆ ಬರುವುದಿಲ್ಲ. ಅದೇ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಡಬ್ಬಿ, ಅಂದರೆ ಟ್ರೇಲರು, ಬಂದ ದಿನ ಏನಾಗುತ್ತದೆ ಹೇಳಿ? ಏನೂ ಆಗುವುದಿಲ್ಲ. ಹಿತ್ತಲಿಗೆ ಸರಿಸುತ್ತಾರೆ. ಸಂಜೆಯ ಹೊತ್ತಿಗೆ ಗಾಲಿಗೊಂದು ಎಮ್ಮೆ ಕಟ್ಟಿರುತ್ತಾರೆ, ಮರುದಿನ ಕಟಾಂಜನದ ಮೇಲೆ ಕೌದಿ ಒಣಗುತ್ತಿರುತ್ತದೆ. ಇಂಜಿನ್ನಿಲ್ಲ, ಸದ್ದಿಲ್ಲ, ಸ್ಟಿಯರಿಂಗಿಲ್ಲ. ಅಂದಮೇಲೆ ಮರ್ಯಾದೆ ಎಲ್ಲಿಂದ ಬರಬೇಕು? ಆದರೆ ರಸ್ತೆಗಿಳಿದ ಮೇಲಿನ ತಾಪತ್ರಯಗಳೆಲ್ಲ ಅದರ ಬೆನ್ನಿಗೇ ಅಂಟಿಕೊಂಡಿರುತ್ತವೆ. ಇದು ನನಗೆ ಗೊತ್ತಾದದ್ದು ನಮ್ಮ ಕಾಕಾನ ದೆಸೆಯಿಂದ.

ಕಾಕಾ ಬ್ಯಾಂಕಿನ ಸಾಲದಲ್ಲಿ ಇಂಜಿನ್, ಅಂದರೆ ಟ್ರ್ಯಾಕ್ಟರು, ತಂದ. ಡಬ್ಬಿಯ ರೇಟು ಕೇಳಿದ್ದೇ ಕೈಯಲ್ಲಿದ್ದ ಚಹಾ ಬಸಿಯನ್ನು ಕೆಳಗಿಟ್ಟ. "ನಾಕ್ ಚಾನೆಲ್ಲು, ಎರಡ ಗಾಲಿ, ಮ್ಯಾಲೊಂದಿಷ್ಟು ತಗಡು. ಇದಕ್ಕೇನ್ ಕಂಪನೀನ ಬೇಕನೋ? ಮನ್ಯಾಗ ಮಾಡಿದ್ರಾತು" ಅಂದ. ಇಂಥ ಮಾತಿಗೆ ಕಟ್ಟೆಯ ಮೇಲೆ ಯಾವತ್ತೂ ಬೆಂಬಲಕ್ಕೆ ಬರಗಾಲವಿಲ್ಲ. ಒಬ್ಬನ ಮನೆಯಲ್ಲಿ ಹಳೇ ಲಾರಿಯ ಎಕ್ಸೆಲ್ ಇತ್ತು, ಇನ್ನೊಬ್ಬನ ಭಾವನಿಗೆ ವೆಲ್ಡಿಂಗ್ ಬರುತ್ತಿತ್ತು, ಮೂರನೆಯವನು ಎರಡು ಹಳೇ ಟೈರು ಕೊಡುತ್ತೇನೆಂದ. ನಾನು ಸುಮ್ಮನಿರಲಾರದೆ, "ಕಾಕಾ, ಪಾಸಿಂಗ್ ಹೆಂಗ ಮಾಡಸ್ತಿ?" ಎಂದು ಕೇಳಿಬಿಟ್ಟೆ.

"ಅಲ್ಲೋ, ನಿಮ್ಮ ಮುತ್ಯಾ ಬಂಡಿ ಮಾಡಿಸಿದಾಗ ಯಾವ ಆರ್‌ಟಿಒ ಪಾಸಿಂಗ್ ಕೊಟ್ಟಿದ್ದ?"

ಉತ್ತರ ಹೇಳಲು ನಾನಿನ್ನೂ ಬಾಯಿ ತೆರೆದಿರಲಿಲ್ಲ, ಮಾತು ಮುತ್ಯಾನ ಬಂಡಿಗೆ ಹೊರಳಿತು. ಹೊರಳಲಿ ಬಿಡಿ, ಹೊರಳದಿದ್ದರೆ ಅದು ಕಟ್ಟೆಯಾದರೂ ಹೇಗಾದೀತು? ಬಂಡಿಯ ಗಾಲಿಗೆ ಹಳಿ ಏರಿಸುವುದನ್ನು ಕಂಡವರು ಈಗ ಕಡಿಮೆ. ಬಡಿಗ ಮಾಡಿಟ್ಟ ಕಟ್ಟಿಗೆಯ ಗಾಲಿಗಿಂತ ಕಬ್ಬಿಣದ ಹಳಿಯ ಸುತ್ತಳತೆ ಬೇಕೆಂದೇ ತುಸು ಕಡಿಮೆ ಇರುತ್ತದೆ. ನೆಲದ ಮೇಲೆ ಹಳಿ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಅದು ಕೆಂಪಗೆ ಕಾದು ಹಿಗ್ಗುತ್ತದೆ. ಆಗ ಮೂರ್ನಾಲ್ಕು ಜನ ಇಕ್ಕಳದಲ್ಲಿ ಹಿಡಿದೆತ್ತಿ ಗಾಲಿಯ ಮೇಲೆ ಕೂರಿಸಿ, ಸುತ್ತಿಗೆಯಲ್ಲಿ ಬಡಿದು, ಕಟ್ಟಿಗೆಗೆ ಉರಿ ಹತ್ತುವ ಮೊದಲೇ ಕೊಡಗಟ್ಟಲೆ ನೀರು ಸುರಿಯಬೇಕು. ಚೊಂಯ್ ಎಂದು ಹಬೆ ಏಳುತ್ತದೆ. ಕಬ್ಬಿಣ ಕುಗ್ಗುತ್ತ ಅರೆಕಾಲುಗಳನ್ನೆಲ್ಲ ಒಳಗೊತ್ತಿ ಬಿಗಿಯುವಾಗ ಕಟ್ಟಿಗೆ ಲಟಲಟ ಎನ್ನುವುದು ಕೇಳಿಸುತ್ತದೆ. ಮೊಳೆಯಿಲ್ಲ, ವೆಲ್ಡಿಂಗಿಲ್ಲ, ಬೋಲ್ಟಿಲ್ಲ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ಬಂಡಿಯನ್ನು ಹಳ್ಳದ ನೀರಲ್ಲಿ ನಿಲ್ಲಿಸಿ ಬರುತ್ತಿದ್ದರು. ಸರ್ವಿಸಿಂಗ್ ಮುಗಿಯಿತು.

ಇನ್ನು ಪಾಸಿಂಗ್ ಇರಲಿಲ್ಲ ಅನ್ನುವ ಮಾತು. ಪೇಟೆಗೆ ಬರುವ ಬಂಡಿಗೆ ಮುನ್ಸಿಪಾಲಿಟಿಯ ತೆರಿಗೆ ಇತ್ತು, ಸೈಕಲ್ಲಿಗೆ ಇದ್ದ ಹಾಗೆ ತಗಡಿನ ಬಿಲ್ಲೆಯೂ ಇತ್ತು. ರಾತ್ರಿ ಹೊರಟರೆ ಬಂಡಿಯ ಅಡಿಯಲ್ಲಿ, ಎರಡು ಗಾಲಿಯ ನಡುವೆ ಲಾಟೀನು ತೂಗುತ್ತಿತ್ತು. ದೀಪವಿಲ್ಲದೆ ಸಿಕ್ಕರೆ ಪೊಲೀಸಿನವನು ಬಿಡುತ್ತಿರಲಿಲ್ಲವಂತೆ. ಅಂದಮೇಲೆ ನಂಬರೂ ಆಯಿತು, ಹಿಂದಿನ ಲೈಟೂ ಆಯಿತು. ಮುತ್ಯಾನ ಬಂಡಿ ಕಾಕಾ ಹೇಳಿದಷ್ಟು ಸ್ವತಂತ್ರವೇನೂ ಆಗಿರಲಿಲ್ಲ.

ಡಬ್ಬಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನು ಟ್ರ್ಯಾಕ್ಟರಿನ ಬಾಲವೆಂದು ಬಗೆದಿಲ್ಲ. ಅದರ ಪ್ರಕಾರ ಅದೂ ಒಂದು ವಾಹನ. ಅದಕ್ಕೂ ಬೇರೆ ನೋಂದಣಿ, ಬೇರೆ ನಂಬರು. ಪೇಪರಿನಲ್ಲಿ ಅಪಘಾತದ ಸುದ್ದಿ ಓದುವಾಗ ಇಂಜಿನ್ನಿಗೊಂದು ನಂಬರು, ಟ್ರೇಲರಿಗೊಂದು ನಂಬರು ಕೊಟ್ಟಿರುತ್ತಾರಲ್ಲ, ಅದು ವರದಿಗಾರನ ಗಡಿಬಿಡಿಯಲ್ಲ. ಅದೇ ಕಾಯ್ದೆಯ 61ನೇ ಕಲಮು ಇನ್ನೂ ಸೊಗಸಾಗಿದೆ. ಟ್ರೇಲರಿನ ಸ್ವಂತ ನಂಬರು ಅದರ ಪಕ್ಕಕ್ಕಿರಬೇಕು. ಮುಂದೆ ಎಳೆಯುವ ಇಂಜಿನ್ನಿನ ನಂಬರು ಟ್ರೇಲರಿನ ಮೇಲೂ ಕಾಣಬೇಕು. ಸಾಲಾಗಿ ಒಂದಕ್ಕಿಂತ ಹೆಚ್ಚು ಟ್ರೇಲರಿದ್ದರೆ ಕಟ್ಟಕಡೆಯದರ ಮೇಲೆ. ಯೋಚಿಸಿದರೆ ನ್ಯಾಯವೇ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಡಬ್ಬಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕವನಿಗೆ ಇಂಜಿನ್ನೂ ಕಾಣುವುದಿಲ್ಲ, ಡ್ರೈವರನೂ ಕಾಣುವುದಿಲ್ಲ. ಕಾಣುವುದು ಕಬ್ಬಿನ ಗೋಡೆ, ಕೇಳುವುದು ಹಾಡು. ಆ ಹಾಡಿನ ಬಗ್ಗೆಯೂ ಹೇಳುವುದಿದೆ, ಆದರೆ ಅದಕ್ಕೆ ಕೈಹಾಕಿದರೆ ಡಬ್ಬಿ ಇವತ್ತು ಹೊರಡುವುದಿಲ್ಲ.

ಮನೆಯಲ್ಲಿ ಕಟ್ಟಿದ ಡಬ್ಬಿ ಸಿಕ್ಕಿಬೀಳುವುದು ಎಲ್ಲಿ ಗೊತ್ತೇ? ವೆಲ್ಡಿಂಗಿನಲ್ಲಲ್ಲ, ಕಾಗದದಲ್ಲಿ. ನೋಂದಣಿಗೆ ಅರ್ಜಿ ಹಾಕುವ ನಮೂನೆ 20. ಅದರ ಜೊತೆಗೆ ಮಾರಿದವನು ಕೊಡುವ ನಮೂನೆ 21, ಇದು ರಸ್ತೆಗೆ ಯೋಗ್ಯವೆಂದು ತಯಾರಿಸಿದವನು ಬರೆದುಕೊಡುವ ನಮೂನೆ 22. ಚಾಸಿಯ ಮೇಲೆ ಕೊರೆದ ನಂಬರು. ಈಗ ಕಾಕಾನ ಡಬ್ಬಿಯನ್ನು ಮಾರಿದವನು ಯಾರು? ಕಾಕಾ. ಕೊಂಡವನು? ಕಾಕಾ. ಯೋಗ್ಯವೆಂದು ಸಹಿ ಹಾಕುವವನು? ಅವನೇ. "ನನ್ನ ಸಹಿ ಸೊಸೈಟಿ ಸಾಲಕ್ಕ ನಡೀತೈತಿ, ಇಲ್ಲ್ಯಾಕ ನಡಿಯಂಗಿಲ್ಲ?" ಎಂದು ಅವನು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಆರ್‌ಟಿಒ ಕಚೇರಿಯಲ್ಲಿ ಅದಕ್ಕೆ ಉತ್ತರ ಕೊಡುವ ಕೌಂಟರಿಲ್ಲ. ನೇರ ದಾರಿ ಒಂದೇ: ಸಾರಿಗೆ ಇಲಾಖೆ ಒಪ್ಪಿದ ನಕ್ಷೆಯಂತೆ ಟ್ರೇಲರ್ ಕಟ್ಟುವ, ಈ ಕಾಗದಗಳನ್ನು ಕೊಡಬಲ್ಲ ವರ್ಕ್‌ಶಾಪಿಗೆ ಹೋಗಿ, ಅಲ್ಲೇ ಕೂತು ಮಾಡಿಸುವುದು. ಕೂತು ಮಾಡಿಸುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಮೇಸ್ತ್ರಿಯ ತಲೆ ತಿಂದು ಕಟ್ಟಿಸಿದ ಡಬ್ಬಿಯನ್ನು "ನಾನ ಮಾಡೀನಿ" ಎಂದು ಹೇಳಿಕೊಳ್ಳಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಕಾಕಾ ಕೊನೆಗೆ ಹೋದದ್ದು ಅಂಥ ವರ್ಕ್‌ಶಾಪಿಗೇ. ಅಲ್ಲಿನ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಎರಡು ಉದ್ದದ ಚಾನೆಲ್ಲು, ನಡುವೆ ಅಡ್ಡಪಟ್ಟಿಗಳನ್ನು ನೆಲದ ಮೇಲೆ ಜೋಡಿಸಿ, ಮೂಲೆಗಳಿಗೆ ಒಂದೊಂದು ಟ್ಯಾಕ್ ಹೊಡೆದು ನಿಲ್ಲಿಸಿಬಿಟ್ಟ. ಪೂರ್ತಿ ವೆಲ್ಡಿಂಗ್ ಯಾಕೆ ಮಾಡುತ್ತಿಲ್ಲವೆಂದು ಕಾಕಾನಿಗೆ ಚಡಪಡಿಕೆ. ಮೇಸ್ತ್ರಿ ಒಂದು ದಾರ ತೆಗೆದ. ಈ ಮೂಲೆಯಿಂದ ಎದುರಿನ ಮೂಲೆಗೆ ಹಿಡಿದು ಗಂಟು ಹಾಕಿದ. ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದ. ಗಂಟು ಮೂಲೆ ಮುಟ್ಟದೆ ಬೆರಳಿನಗಲ ಹಿಂದೆ ಉಳಿಯಿತು. ಚೌಕಟ್ಟು ಕಣ್ಣಿಗೆ ನೆಟ್ಟಗೇ ಕಾಣುತ್ತಿತ್ತು, ನಿಜವಾಗಿ ಓರೆಯಾಗಿತ್ತು. ಸುತ್ತಿಗೆಯಿಂದ ಒಂದು ಮೂಲೆಗೆ ಎರಡೇಟು ಹಾಕಿ, ಮತ್ತೆ ದಾರ ಹಿಡಿದ. ಎರಡೂ ಕರ್ಣ ಸಮವಾದ ಮೇಲೆಯೇ ರಾಡ್ ಹಚ್ಚಿದ್ದು. ಎಕ್ಸೆಲ್ ಕೂರಿಸುವಾಗಲೂ ಅದೇ ದಾರ: ಮುಂದಿನ ಹುಕ್ಕಿನಿಂದ ಎಕ್ಸೆಲ್ಲಿನ ಎಡತುದಿಗೆ ಎಷ್ಟೋ ಬಲತುದಿಗೂ ಅಷ್ಟೇ ಬರಬೇಕು. ಬರದಿದ್ದರೆ ಡಬ್ಬಿ ರಸ್ತೆಯ ಮೇಲೆ ಇಂಜಿನ್ನಿನ ಹಿಂದೆ ನೇರ ಬರದೆ ಮಗ್ಗುಲಾಗಿ ಬರುತ್ತದೆ, ಟೈರು ಒಂದೇ ಬದಿಗೆ ಸವೆಯುತ್ತದೆ. ಎಷ್ಟೋ ಡಬ್ಬಿಗಳು ಹೀಗೆ ಓರೆ ನಡೆಯುವುದನ್ನು ಗಮನಿಸಿದ್ದೀರಾ? ಇನ್ನು ಮೇಲೆ ಗಮನಿಸುತ್ತೀರಿ, ಬಿಡಲಾಗುವುದಿಲ್ಲ.

ಎಕ್ಸೆಲ್ಲನ್ನು ನಟ್ಟನಡುವೆ ಇಡದೆ ತುಸು ಹಿಂದಕ್ಕೆ ಇಟ್ಟದ್ದು ಕಂಡು ಕಾಕಾನಿಗೆ ಖುಷಿಯಾಯಿತು. ಇದು ಅವನಿಗೆ ಗೊತ್ತಿದ್ದ ವಿದ್ಯೆ. ಬಂಡಿ ಹೇರುವಾಗ ಮುಂಭಾರವಾದರೆ ಎತ್ತಿನ ಹೆಗಲು ಬಾಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಜತ್ತಿಗೆ ಎತ್ತಿನ ಗಂಟಲಿಗೆ ಬಿಗಿಯುತ್ತದೆ. ಎರಡು ಗಾಲಿಯ ಡಬ್ಬಿಗೂ ಲೆಕ್ಕ ಅದೇ. ಭಾರದ ಒಂದು ಪಾಲು ಮುಂದಿನ ಹುಕ್ಕಿನ ಮೇಲೆ ಕೂತರೆ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ನೆಲದ ಹಿಡಿತ ಹೆಚ್ಚುತ್ತದೆ. ಆ ಪಾಲು ಅತಿಯಾದರೆ ಇಂಜಿನ್ ಮೂತಿ ಎತ್ತುತ್ತದೆ, ಮುಂದಿನ ಗಾಲಿ ಗಾಳಿಯಲ್ಲಿ, ಸ್ಟಿಯರಿಂಗ್ ಕೈಯಲ್ಲಿದ್ದರೂ ಇಲ್ಲದ ಲೆಕ್ಕ. ಇದನ್ನೇ ಪರಾಕ್ರಮವೆಂದು ಮೊಬೈಲಿನಲ್ಲಿ ಹಿಡಿದು ಹಂಚುವ ಹುಡುಗರಿದ್ದಾರೆ. ಕಾಯ್ದೆಗೆ ಆ ಪರಾಕ್ರಮ ಕಾಣುವುದಿಲ್ಲ, ತೂಕ ಕಾಣುತ್ತದೆ: 2019ರ ತಿದ್ದುಪಡಿಯ ನಂತರ ಮಿತಿಮೀರಿ ಹೇರಿದ ಗಾಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000.

ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ ಎರಡು, ಅದು ನಿಮಗೆ ಗೊತ್ತಿರಬಹುದು. ಎಡದ್ದು ತುಳಿದರೆ ಎಡಗಾಲಿ, ಬಲದ್ದು ತುಳಿದರೆ ಬಲಗಾಲಿ ನಿಲ್ಲುತ್ತದೆ. ಹೊಲದಲ್ಲಿ ಸಾಲು ಮುಗಿದ ಕಡೆ ಗಕ್ಕನೆ ಹೊರಳಿಸಲು ಈ ಏರ್ಪಾಟು. ರಸ್ತೆಗೆ ಬಂದ ಕೂಡಲೇ ಎರಡನ್ನೂ ಸೇರಿಸಿ ಒಂದು ಪುಟ್ಟ ಕೊಂಡಿ ಹಾಕಬೇಕು. ಹಾಕದೆ, ಹಿಂದೆ ತುಂಬಿದ ಡಬ್ಬಿ ಇಟ್ಟುಕೊಂಡು, ಇಳಿಜಾರಿನಲ್ಲಿ ಒಂದೇ ಪೆಡಲ್ ತುಳಿದರೆ ಇಂಜಿನ್ ಒಂದು ಕಡೆ ತಿರುಗುತ್ತದೆ, ಡಬ್ಬಿ ಬಂದ ದಾರಿಯಲ್ಲೇ ನುಗ್ಗುತ್ತದೆ, ಎರಡೂ ಮಡಚಿಕೊಳ್ಳುತ್ತವೆ. ಇನ್ನು ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರಿಗೆ ಏನು ಹೇಳುವುದು? ಎಳೆಯುವುದು ಯಾವುದು, ತಳ್ಳುವುದು ಯಾವುದು ಎಂಬುದು ಅಲ್ಲಿ ಅದಲುಬದಲಾಗಿರುತ್ತದೆ. ನಮ್ಮ ಹಳೇ ಡಬ್ಬಿಗಳಲ್ಲಿ ಬಹುಪಾಲಿಗೆ ಸ್ವಂತ ಬ್ರೇಕೇ ಇಲ್ಲ. ತಮಾಷೆ ನೋಡಿ, ಗಾಡಿ ತಪಾಸಣೆ ಮಾಡುವ ಅಧಿಕಾರಿಗೆ ನಮ್ಮ ಜನ ಇಟ್ಟಿರುವ ಹೆಸರು ಬ್ರೇಕ್ ಇನ್‌ಸ್ಪೆಕ್ಟರ್!

ಹುಕ್ಕಿನ ಪಿನ್ನಿನದು ಇನ್ನೊಂದು ಕಥೆ. ಟನ್ನುಗಟ್ಟಲೆ ಭಾರ ನಿಂತಿರುವುದು ಅಂಗೈ ಉದ್ದದ ಆ ಕಬ್ಬಿಣದ ಮೇಲೆ. ಅದು ಕುಲುಕಾಟಕ್ಕೆ ಮೇಲೆದ್ದು ಬರದ ಹಾಗೆ ಕೆಳಗೊಂದು ಚಿಕ್ಕ ಪಿನ್ನು. ಚಿಕ್ಕದು ಕಳೆದುಹೋಗುತ್ತದೆ, ಆ ಜಾಗಕ್ಕೆ ತಂತಿ ಬರುತ್ತದೆ, ತಂತಿಯೂ ಹೋದ ಮೇಲೆ ದೇವರು ಬರುತ್ತಾನೆ. ಮೇಸ್ತ್ರಿ ಹುಕ್ಕಿನ ಪಕ್ಕಕ್ಕೆ ಒಂದು ದಪ್ಪ ಚೈನನ್ನೂ ವೆಲ್ಡ್ ಮಾಡಿಕೊಟ್ಟ. ಪಿನ್ ಹಾರಿದರೂ ಡಬ್ಬಿ ಇಂಜಿನ್ನನ್ನು ಬಿಟ್ಟು ಎದುರಿನವನ ಮೈಮೇಲೆ ಹೋಗಬಾರದಲ್ಲ. ಕಾಕಾ ಅದನ್ನು ನೋಡಿ, "ಚೈನ್ ಚಲೋ ಐತಿ, ಎಮ್ಮಿಗೂ ಆಕ್ಕೈತಿ" ಅಂದ. ಮೇಸ್ತ್ರಿ ಅವನನ್ನು ಒಮ್ಮೆ ದಿಟ್ಟಿಸಿ ಚೈನಿನ ಇನ್ನೊಂದು ಕೊಂಡಿಗೂ ವೆಲ್ಡಿಂಗ್ ಹೊಡೆದ.

ಇಷ್ಟೆಲ್ಲ ಆದಮೇಲೆ ಓಡಿಸುವವನ ಲೈಸೆನ್ಸು. ಟ್ರ್ಯಾಕ್ಟರ್ ಲೈಸೆನ್ಸಿದ್ದವನು ಹಿಂದೆ ಟ್ರೇಲರ್ ಸಿಕ್ಕಿಸಿ ಸಾಮಾನು ಹೇರಿದ ಕೂಡಲೇ ಅದು ಸರಕು ಗಾಡಿಯಾಯಿತು, ಲೈಸೆನ್ಸು ನಡೆಯುವುದಿಲ್ಲ ಎಂದು ವಿಮೆಯವರು ಹಟ ಹಿಡಿದ ಒಂದು ಪ್ರಕರಣ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2001ರಲ್ಲಿ ತೀರ್ಪು ಬಂತು. ಹಾಗೆ ನೋಡಿದರೆ ಕಾರಿನ ನೆತ್ತಿಗೆ ಕ್ಯಾರಿಯರ್ ಕಟ್ಟಿ ಪೆಟ್ಟಿಗೆ ಇಟ್ಟವನೂ ಲೈಸೆನ್ಸು ಕಳೆದುಕೊಳ್ಳಬೇಕಾಗುತ್ತದೆ, ಇದು ಅಸಂಬದ್ಧ ಎಂದು ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಕಟ್ಟೆಯ ಮೇಲೆ ಈ ತೀರ್ಪಿಗೆ ಒಳ್ಳೆಯ ಹೆಸರಿದೆ. ಹೆಸರಿಲ್ಲದ್ದು ಇನ್ನೊಂದು ಮಾತಿಗೆ: ಡಬ್ಬಿಯಲ್ಲಿ ಸುಮ್ಮನೆ ಹತ್ತಿ ಕೂತ ಜನರಿಗೆ ವಿಮೆಯ ಆಸರೆ ಇಲ್ಲ. ಯಲ್ಲಮ್ಮನ ಜಾತ್ರೆಗೆ ಸವದತ್ತಿಯ ದಾರಿ ಹಿಡಿದು ನೋಡಿ. ತಾಡಪಾಲು ಕಟ್ಟಿ, ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹಾಸಿ, ರೊಟ್ಟಿ ಗಂಟು, ಕೂಸು, ಮುದುಕಿ, ಸ್ಟೋವು ಎಲ್ಲ ಡಬ್ಬಿಯಲ್ಲೇ. ನೋಡಲು ಎಂಥ ಚಂದ! ನನಗೂ ಆಸೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ವಿಮೆಯ ಕಾಗದ ಓದಿದ ಮೇಲೆ ಬಸ್ಸಿನಲ್ಲೇ ಹೋಗುತ್ತೇನೆ.

ಡಬ್ಬಿ ತಯಾರಾಗಿ, ರೆಡ್ ಆಕ್ಸೈಡ್ ಬಳಿದು, ಪೇಂಟರನ ಕೈಗೆ ಬಂತು. ಹಿಂದಿನ ಹಲಗೆಯ ಮೇಲೆ ಏನು ಬರೆಸಬೇಕು ಎಂಬುದಕ್ಕೆ ಮನೆಯಲ್ಲಿ ಮೂರು ಪಕ್ಷ. ಕಾಕಾನಿಗೆ ಅಪ್ಪನ ಹೆಸರು, ಕಾಕುಗೆ ಮೈಲಾರಲಿಂಗ, ಮಗನಿಗೆ ಒಬ್ಬ ಸಿನಿಮಾ ನಟನ ಡೈಲಾಗು. ಪೇಂಟರ್ ಹಲಗೆಯನ್ನು ಅಳೆದ. ಎರಡು ಬದಿಗೆ ಒಂದೊಂದು ಕೆಂಪು ರಿಫ್ಲೆಕ್ಟರ್, ಅವುಗಳ ಪಕ್ಕ ಇಂಡಿಕೇಟರ್, ಬ್ರೇಕ್ ಲೈಟು, ಅಡ್ಡಕ್ಕೆ ಮಿಂಚುವ ಪಟ್ಟಿ, ನಡುವೆ ಇಂಜಿನ್ನಿನ ನಂಬರು. ಇನ್ನು ಉಳಿದದ್ದು ಮೊಳದಷ್ಟು ಜಾಗ. ಮೂರೂ ಪಕ್ಷದವರು ಅವನ ಸುತ್ತ ನಿಂತು ದನಿ ಏರಿಸಿದರು. ಅವನು ಬ್ರಷ್ಷನ್ನು ಡಬ್ಬದಲ್ಲಿ ಅದ್ದಿ, ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಹೇಳಿದ: "ಮೊದ್ಲ ನಂಬರ್ ಬರೀತೀನ್ರಿ. ಉಳಿದ ಜಾಗಾಕ್ಕ ನೀವು ನೀವ ಬಡದಾಡಕೋರಿ."