ಕಾಷ್ಠಮಂಟಪದ ಒಂದು ಛಾಯಾಚಿತ್ರ

ನೇಪಾಳವು ಪರದೇಶವೇ ಆದರೂ ಅಲ್ಲಿಗೆ ಹೋಗಲು ಭಾರತೀಯರಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಆದ್ದರಿಂದಲೇ ೧೯೯೨ರಲ್ಲಿ ರಕ್ಸೌಲಿನ ಬಳಿ ಗಡಿ ದಾಟಿದ ನಮ್ಮ ಯಾತ್ರೆಯನ್ನು ವಿದೇಶ ಪ್ರವಾಸವೆಂದು ಒಪ್ಪಲು ಆಪ್ತರು ಅನೇಕರು ಸಿದ್ಧರಿರಲಿಲ್ಲ! ಹೆಗಲಲ್ಲಿ ಭಕ್ತರೊಬ್ಬರು ಕೊಟ್ಟ ಕ್ಯಾಮೆರಾ, ಜೋಳಿಗೆಯಲ್ಲಿ ಎರಡು ರೀಲು: ಒಂದು ವರ್ಣದ್ದು, ಇನ್ನೊಂದು ಕಪ್ಪು-ಬಿಳುಪು. ರೀಲಿಗೆ ೩೬ ಚಿತ್ರ. ಗುಂಡಿ ಒತ್ತುವ ಮುನ್ನ ಎಣಿಸಬೇಕಾಗಿದ್ದ ಕಾಲವದು.

ಈಗ ವರ್ಣಚಿತ್ರಗಳೆಲ್ಲ ಕೆಂಪಡರಿವೆ. ಅವು ಬಣ್ಣದ ರಾಸಾಯನಿಕಗಳಿಂದಾದವು, ಕಾಲ ಸರಿದಂತೆ ಮಾಸುತ್ತವೆ. ಕಪ್ಪು-ಬಿಳುಪಿನವು ಬೆಳ್ಳಿಯ ಕಣಗಳಿಂದ ಮೂಡಿದವಾದ್ದರಿಂದ ಇನ್ನೂ ಗಟ್ಟಿಯಾಗಿವೆ. ಇವುಗಳನ್ನು ಗಣಕಯಂತ್ರಕ್ಕೆ ಸೇರಿಸಲು ಕುಳಿತ ವಿದ್ಯಾರ್ಥಿಯೊಬ್ಬ ನಾವಿರುವ ಚಿತ್ರಗಳನ್ನು ಮಾತ್ರ ಆರಿಸಿ, ಉಳಿದವನ್ನು ಬದಿಗಿಟ್ಟ. “ಇವುಗಳಲ್ಲಿ ತಾವೇ ಇಲ್ಲವಲ್ಲ” ಎಂದ. ಆ ಬದಿಗಿಟ್ಟ ಕಟ್ಟನ್ನೇ ನಾವು ಕೈಗೆತ್ತಿಕೊಂಡೆವು.

ಪಶುಪತಿನಾಥನ ಗರ್ಭಗುಡಿಯ ಚಿತ್ರವಿಲ್ಲ. ಅಲ್ಲಿ ಚಿತ್ರ ತೆಗೆಯಲು ಅನುಮತಿಯಿಲ್ಲ. ಆ ದೇವರ ಪೂಜೆ ಕರ್ನಾಟಕದಿಂದ ಹೋದ ಭಟ್ಟರ ಕೈಯಲ್ಲಿದೆಯೆಂಬುದು ನಮ್ಮ ಓದುಗರಲ್ಲಿ ಕೆಲವರಿಗೆ ತಿಳಿದಿರಬಹುದು. ಬಾಗಮತಿಯ ದಂಡೆಯ ಚಿತೆಗಳ ಮುಂದೆ ನಾವಾಗಿಯೇ ಕ್ಯಾಮೆರಾ ಮುಚ್ಚಿದೆವು. ಪರರ ದುಃಖ ನಮ್ಮ ಆಲ್ಬಮ್ಮಿಗೆ ಸಲ್ಲದು. ಭಕ್ತಪುರದ ಜಂಗಮ ಮಠದ ಬಾಗಿಲಿನ ಚಿತ್ರ ಒಂದಿದೆ. ಅದೇ ಊರಿನ ಐದಂತಸ್ತಿನ ನ್ಯಾತಪೋಲ ದೇಗುಲದ್ದೂ ಇದೆ. ೧೭೦೨ರಲ್ಲಿ ಕಟ್ಟಿದ ಅದು ೧೯೩೪ರ ಭೂಕಂಪವನ್ನೂ ೨೦೧೫ರದನ್ನೂ ತಾಳಿ ನಿಂತಿತು. ಸಮೀಪದ ವತ್ಸಲಾ ದೇವಿಯ ಶಿಲಾಮಂದಿರ ೨೦೧೫ರಲ್ಲಿ ಕುಸಿಯಿತು.

ಕಟ್ಟಿನ ಅಡಿಯಲ್ಲಿದ್ದುದು ಕಾಷ್ಠಮಂಟಪ. ಕಠ್ಮಂಡುವಿಗೆ ಹೆಸರು ಕೊಟ್ಟ ಮರದ ಮಂಟಪವಿದು. ದೇವಾಲಯವೆನ್ನುವುದಕ್ಕಿಂತ ದಾರಿಹೋಕರ ತಂಗುದಾಣವೆನ್ನುವುದೇ ಸರಿ. ಗೋರಖನಾಥರ ಮೂರ್ತಿ ನಡುವೆ. ಸುತ್ತ ಜಗಲಿಯ ಮೇಲೆ ಹಮಾಲರು. ನಮ್ಮ ಚಿತ್ರದಲ್ಲಿ ನಾಲ್ವರಿದ್ದಾರೆ. ಹಣೆಗೆ ಕಟ್ಟಿ ಹೊರೆ ಹೊರುವ ಪಟ್ಟಿಯನ್ನೇ ಸುತ್ತಿ ತಲೆದಿಂಬು ಮಾಡಿಕೊಂಡು ಒಬ್ಬನು ಮಲಗಿದ್ದಾನೆ. ಇನ್ನೊಬ್ಬನು ನಮ್ಮ ಕಡೆಗೇ ನೋಡಿ ನಗುತ್ತಿದ್ದಾನೆ.

೨೦೧೫ರ ಏಪ್ರಿಲ್ ೨೫, ಶನಿವಾರ, ನಡುಹಗಲಿಗೆ ಸ್ವಲ್ಪ ಮುಂಚೆ ಭೂಮಿ ನಡುಗಿದಾಗ ಆ ಮಂಟಪದಲ್ಲಿ ರಕ್ತದಾನ ಶಿಬಿರ ನಡೆದಿತ್ತು. ಮಂಟಪ ಪೂರ್ಣ ಕುಸಿದು, ಪರರಿಗೆ ರಕ್ತ ಕೊಡಲು ಕೂಡಿದ್ದವರಲ್ಲಿ ಕೆಲವರು ಅಲ್ಲಿಯೇ ಅಸುನೀಗಿದರು. ಸುದ್ದಿ ಓದಿದ ರಾತ್ರಿ ನಾವು ಈ ಚಿತ್ರವನ್ನು ಹುಡುಕಿ ತೆಗೆದು, ಬಹು ಹೊತ್ತು ದೀಪದಡಿ ಹಿಡಿದು ಕುಳಿತಿದ್ದೆವು. ಅನಂತರ ಅಗೆದು ನೋಡಿದ ವಿದ್ವಾಂಸರು ಅಡಿಪಾಯವು ಏಳನೆಯ ಶತಮಾನದ್ದೆಂದು ಕಂಡುಕೊಂಡರು. ಮಂಟಪ ಹನ್ನೆರಡನೆಯದೆಂದೇ ಅದುವರೆಗಿನ ನಂಬಿಕೆಯಾಗಿತ್ತು.

ಹಳೆಯ ಕ್ರಮದಲ್ಲಿಯೇ, ಮರ-ಇಟ್ಟಿಗೆಗಳಿಂದ ಅದನ್ನು ಪುನಃ ಕಟ್ಟಿದ್ದಾರೆ. ಅಲ್ಲಿಗೆ ಹೋಗಿ ಬಂದ ಭಕ್ತರು ದೂರವಾಣಿಯಲ್ಲಿ ಚಿತ್ರ ತೋರಿಸುತ್ತಾರೆ: ಮುಂದೆ ಅವರು, ಹಿಂದೆ ಮಂಟಪ. ಜಗಲಿಯ ಮೇಲೆ ಈಗಲೂ ಹಮಾಲರು ಹೊರೆ ಇಳಿಸುವರೇ ಎಂದು ಕೇಳಿದರೆ, ನೋಡಲಿಲ್ಲ ಸ್ವಾಮೀಜಿ ಎನ್ನುತ್ತಾರೆ.