ಬಿಡಿಭಾಗದ ನಿಜವಾದ ಬೆಲೆ

ಹೊಸ ವಸ್ತುವಿನ ಬೆಲೆಯನ್ನು ಗೊತ್ತುಮಾಡುವವನು ಅದನ್ನು ತಯಾರಿಸಿದವನು. ಹಳೆಯ ವಸ್ತುವಿನ ಬೆಲೆಯನ್ನು ಗೊತ್ತುಮಾಡುವುದು ಅದನ್ನು ಅರಸಿ ಬಂದವನ ಅಗತ್ಯ. ಮೊದಲನೆಯದಕ್ಕೆ ಅಚ್ಚಾದ ದರಪಟ್ಟಿ ಉಂಟು. ಎರಡನೆಯದಕ್ಕೆ ಮಾರುವವನ ಮನಸ್ಸೇ ದರಪಟ್ಟಿ. ವ್ಯಾಪಾರದಲ್ಲಿ ತೊಡಗಿರುವ ಕುಟುಂಬಗಳಿಗೆ ಇದು ಹೊಸ ಮಾತೇನೂ ಅಲ್ಲ. ಆದರೆ ದರಪಟ್ಟಿ ಇಲ್ಲದ ಸ್ಥಳದಲ್ಲಿ ಮನುಷ್ಯನ ಪ್ರಾಮಾಣಿಕತೆ ಎಷ್ಟು ಸೂಕ್ಷ್ಮವಾದ ಪರೀಕ್ಷೆಗೆ ಒಳಗಾಗುತ್ತದೆ ಎಂಬುದನ್ನು ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಹಳೆಯ ಮೋಟಾರ್ ಸೈಕಲ್ಲಿನ ನಿಮಿತ್ತದಿಂದ ಕಂಡುಕೊಂಡರು.

ಅವರ ಬಳಿ ಇರುವುದು 1982ರ ಯೆಜ್ದಿ ರೋಡ್‌ಕಿಂಗ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಲ ಮಾಡಿ ಕೊಂಡದ್ದು. ಹೆಂಡತಿಯನ್ನು ಹೆರಿಗೆಗೆ ಕರೆದೊಯ್ದದ್ದು, ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು, ಎಲ್ಲವೂ ಆ ಗಾಡಿಯ ಮೇಲೆಯೇ. ಮಕ್ಕಳು ದೊಡ್ಡವರಾಗಿ ಹೊಸ ವಾಹನಗಳನ್ನು ತಂದರು. ಹಳೆಯದನ್ನು ಮಾರಿಬಿಡಿ ಎಂದು ಹಲವು ಸಲ ಹೇಳಿದರು. ಅವರು ಮಾರಲಿಲ್ಲ. ನಡೆಯುತ್ತಿರುವ ವಸ್ತುವನ್ನು ಎಸೆದು ಮತ್ತೊಂದನ್ನು ತರುವುದು ಅವರ ಸ್ವಭಾವಕ್ಕೆ ಒಗ್ಗದ ಸಂಗತಿ.

ಆ ಗಾಡಿ ಹುಟ್ಟಿದ್ದು ಅದೇ ಊರಿನಲ್ಲಿ. 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಪ್ರಾರಂಭವಾದ ಜಾವಾ ಮೋಟಾರ್ ಸೈಕಲ್ಲುಗಳನ್ನು ಇಲ್ಲಿ ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1960ರ ದಶಕದ ಆರಂಭದಿಂದ ಅಲ್ಲಿ ಜಾವಾ ಗಾಡಿಗಳು, 1970ರ ದಶಕದಿಂದ ಯೆಜ್ದಿ ಎಂಬ ಹೆಸರಿನ ಗಾಡಿಗಳು ಹೊರಬಂದವು. ಜೋಡಿ ಸೈಲೆನ್ಸರ್, ಒಂದೇ ಸನ್ನೆ ಕಿಕ್ಕರೂ ಗೇರೂ ಆಗಿರುವ ಏರ್ಪಾಡು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಎರಡು ಸ್ಟ್ರೋಕಿನ ಎಂಜಿನ್, ಇವು ಅವುಗಳ ಗುರುತು. ಕಡಿಮೆ ಪೆಟ್ರೋಲಿನಲ್ಲಿ ಓಡುವ ನಾಲ್ಕು ಸ್ಟ್ರೋಕಿನ ಸಣ್ಣ ಗಾಡಿಗಳು ಬಂದ ಮೇಲೆ, ಹೊಗೆಯ ಕಾನೂನುಗಳು ಬಿಗಿಯಾದ ಮೇಲೆ ಅವುಗಳ ಕಾಲ ಮುಗಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ದಿ ಹೆಸರು 2022ರಲ್ಲಿಯೂ ಮಾರುಕಟ್ಟೆಗೆ ಮರಳಿದವು. ಆದರೆ ಆ ಹೊಸ ಗಾಡಿಗಳ ಎಂಜಿನ್ ನಾಲ್ಕು ಸ್ಟ್ರೋಕಿನದು. ಹೆಸರು ಒಂದೇ ಆದರೂ ಅದರ ಪಿಸ್ಟನ್ ಇದಕ್ಕೆ ಕೂಡುವುದಿಲ್ಲ.

ಕಾರ್ಖಾನೆ ಮುಚ್ಚಿದ ದಿನದಿಂದ ಹಳೆಯ ಗಾಡಿಯ ಒಂದೊಂದು ಬಿಡಿಭಾಗವೂ ಎಣಿಕೆಯ ವಸ್ತುವಾಯಿತು. ಒಡೆದದ್ದು ಒಡೆದ ಹಾಗೆಯೇ. ಅದರ ಜಾಗಕ್ಕೆ ಹೊಸದು ಅಲ್ಲಿಂದ ಬರುವುದಿಲ್ಲ. ಅಂಗಡಿಗಳಲ್ಲಿ ಉಳಿದಿದ್ದ ಮಾಲನ್ನು ಎಷ್ಟೋ ಮಂದಿ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಕೆಲವರು ಮಾತ್ರ ಎಣ್ಣೆ ಸವರಿ, ಕಾಗದ ಸುತ್ತಿ, ಕಪಾಟಿನಲ್ಲಿಟ್ಟರು. ಇಂದು ಅವರು ಕೇಳಿದ್ದೇ ಬೆಲೆ. ಇದನ್ನು ಬರಿಯ ದುರಾಸೆ ಎಂದು ಹಳಿಯುವುದು ನ್ಯಾಯವಲ್ಲ. ಇಪ್ಪತ್ತೈದು ಮೂವತ್ತು ವರ್ಷ ಜಾಗ ಕೊಟ್ಟು, ಬಂಡವಾಳ ಕಟ್ಟಿಹಾಕಿ, ಯಾರೂ ಕೇಳದಿದ್ದ ವಸ್ತುವನ್ನು ಕಾಪಾಡಿದವನಿಗೆ ಅದರ ಫಲ ಸಲ್ಲಬೇಕಾದದ್ದೇ.

ಮೂರು ವರ್ಷಗಳ ಹಿಂದೆ ಉಪಾಧ್ಯಾಯರ ಗಾಡಿಯ ಎಂಜಿನ್ನಿನಲ್ಲಿ ಬಡಿತದ ಸದ್ದು ಕಾಣಿಸಿಕೊಂಡಿತು. ಬಿಚ್ಚಿ ನೋಡಿದಾಗ ಕ್ರ್ಯಾಂಕಿನ ದೊಡ್ಡ ಬೇರಿಂಗು ಸವೆದಿತ್ತು. ಕನೆಕ್ಟಿಂಗ್ ರಾಡ್ ಅಲುಗಾಡುತ್ತಿತ್ತು. ಅವರ ಮೆಕ್ಯಾನಿಕ್ ಹಳೆಯ ಕೈ; ಹುಡುಗನಾಗಿದ್ದಾಗಿನಿಂದ ಈ ಗಾಡಿಗಳನ್ನೇ ಬಿಚ್ಚಿ ಜೋಡಿಸಿದವನು. ‘ಕಂಪನಿಯ ಕ್ರ್ಯಾಂಕ್ ಸಿಕ್ಕಿದರೆ ನಿಮ್ಮ ಆಯುಸ್ಸಿಗೆ ಸಾಕು ಮೇಷ್ಟ್ರೇ, ಲೋಕಲ್ ಮಾಲು ಹಾಕಿದರೆ ಎಷ್ಟು ದಿನ ಅಂತ ನಾನು ಹೇಳಲಾರೆ’ ಎಂದ.

ಹುಡುಕಾಟ ಪ್ರಾರಂಭವಾಯಿತು. ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿಬಂದರು. ಒಂದು ಅಂಗಡಿಯಲ್ಲಿ ‘ಕಂಪನಿ ಮಾಲು’ ಎಂದು ಕೊಟ್ಟ ಪಿಸ್ಟನ್ ರಿಂಗುಗಳನ್ನು ಕ್ರ್ಯಾಂಕಿನ ಜೊತೆಗೆ ಬದಲಾಯಿಸಲೆಂದು ಕೊಂಡುತಂದರು. ಪೊಟ್ಟಣ ಹಳೆಯದರಂತೆಯೇ ಇತ್ತು, ಅಕ್ಷರಗಳೂ ಹಾಗೆಯೇ. ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ಸವರಿ, ಪಕ್ಕಕ್ಕಿಟ್ಟ. ನಕಲು.

ನಕಲು ರಿಂಗಿನಿಂದ ಆಗುವ ನಷ್ಟ ರಿಂಗಿನ ಬೆಲೆಯಲ್ಲಿ ಮುಗಿಯುವುದಿಲ್ಲ. ಲೋಹದ ಗುಣ ಸರಿಯಿಲ್ಲದಿದ್ದರೆ ಅದು ಬೇಗ ಸವೆಯುತ್ತದೆ, ಇಲ್ಲವೇ ಒಡೆದು ಸಿಲಿಂಡರಿನ ಒಳಗೋಡೆಯನ್ನು ಗೀರುತ್ತದೆ. ಗೀರಿದ ಸಿಲಿಂಡರನ್ನು ಬೋರು ಮಾಡಿ ಹಿಗ್ಗಿಸಿ, ಅಷ್ಟೇ ದೊಡ್ಡ ಪಿಸ್ಟನ್ ಹಾಕಬೇಕು. ಈ ಹಿಗ್ಗಿಸುವಿಕೆ ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ನಡೆಯುತ್ತದೆ; ಕೆಲವೇ ಮೆಟ್ಟಿಲುಗಳ ನಂತರ ಗೋಡೆಯಲ್ಲಿ ಕೊರೆಯಲು ಲೋಹ ಉಳಿಯುವುದಿಲ್ಲ. ಕೆಲವು ನೂರು ರೂಪಾಯಿಯ ಸುಳ್ಳು, ಮತ್ತೆ ತಯಾರಾಗದ ಒಂದು ಸಿಲಿಂಡರಿನ ಆಯುಸ್ಸಿನಲ್ಲಿ ಒಂದು ಮೆಟ್ಟಿಲನ್ನು ತಿಂದುಹಾಕುತ್ತದೆ.

ಲೇತಿನ ಮೇಲೆ ಹೊಸದಾಗಿ ಕಡೆದು ಮಾಡಿದ ಭಾಗವೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಶ್ರದ್ಧೆಯಿಂದ ಮಾಡುವ ಸಣ್ಣ ಕಾರ್ಖಾನೆಯವರಿಂದಲೇ ಇಂದು ಎಷ್ಟೋ ಹಳೆಯ ಗಾಡಿಗಳು ಓಡುತ್ತಿವೆ. ಸಾವಿರಗಟ್ಟಲೆ ಮಾಡಿದರೆ ಅಗ್ಗವಾಗುವ ವಸ್ತುವನ್ನು ಹತ್ತೋ ಇಪ್ಪತ್ತೋ ಮಾಡುವಾಗ ಖರ್ಚು ಹೆಚ್ಚುವುದು ಸಹಜ. ದೋಷವಿರುವುದು ತಯಾರಿಕೆಯಲ್ಲಲ್ಲ, ಒಂದನ್ನು ಇನ್ನೊಂದೆಂದು ಹೇಳುವುದರಲ್ಲಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ, ಕದ್ದ ವಸ್ತುವನ್ನು ಸ್ವೀಕರಿಸುವುದರ ಜೊತೆಯಲ್ಲಿಯೇ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿರುವುದನ್ನು ವ್ಯಾಪಾರಸ್ಥರು ಬಲ್ಲರು. ಅಸಲಿನ ರೂಪದಲ್ಲಿ ನಕಲನ್ನು ಕೊಡುವುದು ಕಳವಿನ ಸಾಲಿನಲ್ಲಿಯೇ ನಿಲ್ಲುವ ದೋಷ.

ಕದ್ದ ವಸ್ತುವಿನ ಪ್ರಶ್ನೆಯೂ ಉಪಾಧ್ಯಾಯರ ಮುಂದೆ ಬಂದಿತು. ಬಿಲ್ಲಿಲ್ಲದೆ ಒಂದು ಕ್ರ್ಯಾಂಕ್ ಕೊಡಿಸುವುದಾಗಿ ಒಬ್ಬ ಮಧ್ಯವರ್ತಿ ಹೇಳಿದ. ಚಾಸಿಗೂ ಎಂಜಿನ್ನಿನ ಹೊರಕವಚಕ್ಕೂ ಸಂಖ್ಯೆಯುಂಟು. ಒಳಗಿನ ಕ್ರ್ಯಾಂಕಿಗೆ, ಕಾರ್ಬುರೇಟರಿಗೆ, ದೀಪಕ್ಕೆ ಯಾರ ಗಾಡಿಯದೆಂದು ಹೇಳುವ ಗುರುತಿಲ್ಲ. ಆದುದರಿಂದಲೇ ಕಳವಾದ ಹಳೆಯ ಗಾಡಿಯನ್ನು ಬಿಡಿಬಿಡಿಯಾಗಿ ಮಾರುವುದು ಸುಲಭ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಮೊದಲು ಭಾರತೀಯ ದಂಡ ಸಂಹಿತೆಯಲ್ಲಿ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಿಕ್ಷಾರ್ಹವಾದ ಅಪರಾಧ. ‘ಎಲ್ಲಿಂದ ಬಂತು?’ ಎಂದು ಅವರು ಕೇಳಿದರು. ‘ಅದೆಲ್ಲ ನಿಮಗೇಕೆ ಸಾರ್?’ ಎಂಬ ಉತ್ತರ ಬಂದಿತು. ಅವರು ಮತ್ತೆ ಅವನ ಬಳಿಗೆ ಹೋಗಲಿಲ್ಲ. ಇಲ್ಲಿಯವರೆಗೆ ಅವರಿಗೆ ದಾರಿ ಸ್ಪಷ್ಟವಾಗಿಯೇ ಇತ್ತು.

ದಾರಿ ಮಸುಕಾದದ್ದು ಆ ಬಳಿಕ. ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ರೋಡ್‌ಕಿಂಗ್ ಒಂದು ಬಿದ್ದಿದೆ, ಯಜಮಾನ ತೀರಿಕೊಂಡಿದ್ದಾನೆ, ಮನೆಯಲ್ಲಿ ಮುದುಕಿ ಒಬ್ಬಳೇ ಎಂಬ ಸುದ್ದಿಯನ್ನು ಮೆಕ್ಯಾನಿಕ್ ತಂದ. ‘ಗುಜರಿ ಬೆಲೆಗೆ ಸಿಕ್ಕುತ್ತದೆ. ಕ್ರ್ಯಾಂಕ್ ನಾವು ಇಟ್ಟುಕೊಂಡು ಮಿಕ್ಕದ್ದನ್ನು ಬಿಡಿಸಿ ಮಾರಿದರೆ ಹತ್ತರಷ್ಟು ಬರುತ್ತದೆ. ನೀವೇನೂ ಸುಳ್ಳು ಹೇಳಬೇಕಾಗಿಲ್ಲ ಮೇಷ್ಟ್ರೇ, ಅವರು ಕೇಳಿದಷ್ಟು ಕೊಟ್ಟರೆ ಸರಿ’ ಎಂದು ವಿವರಿಸಿದ.

ಅವರು ಹೋದರು. ಸೌದೆಯ ಹಿಂದೆ, ಗೋಣಿತಾಟಿನ ಕೆಳಗೆ ಗಾಡಿ ನಿಂತಿತ್ತು. ಧೂಳಿತ್ತು, ತುಕ್ಕು ಅಷ್ಟಾಗಿ ಇರಲಿಲ್ಲ. ಕಿಕ್ಕರ್ ಒತ್ತಿದಾಗ ಎಂಜಿನ್ ಸಲೀಸಾಗಿ ತಿರುಗಿತು. ಮುದುಕಿ ಮಜ್ಜಿಗೆ ತಂದುಕೊಟ್ಟು, ‘ಗುಜರಿಯೋನು ನಾಕು ಸಾವಿರ ಕೊಡ್ತೀನಿ ಅಂದವ್ನೆ ಸ್ವಾಮಿ. ನೀವು ಐದು ಕೊಟ್ರೆ ಎತ್ಕೊಂಡೋಗಿ’ ಎಂದಳು.

ಜೇಬಿನಲ್ಲಿ ಹಣವಿತ್ತು. ಗುಜರಿಯವನಿಗಿಂತ ಒಂದು ಸಾವಿರ ಹೆಚ್ಚು ಕೊಟ್ಟು ಕೊಳ್ಳುವುದರಲ್ಲಿ ಕಾನೂನಿನ ದೋಷವೇನೂ ಇಲ್ಲ. ಬೆಲೆ ಹೇಳಿದವಳು ಅವಳೇ. ಅವರು ಆಡಬೇಕಾದ ಸುಳ್ಳು ಒಂದೂ ಇರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು. ಮಜ್ಜಿಗೆ ಕುಡಿದು ಮುಗಿಸುವಷ್ಟು ಹೊತ್ತು ಅವರು ಸುಮ್ಮನೆಯೇ ಇದ್ದರು. ಬೆಂಗಳೂರಿನ ಅಂಗಡಿಯವನ ನಕಲು ಪೊಟ್ಟಣ ಅವರಿಗೆ ಆಗ ನೆನಪಾಯಿತಂತೆ. ಅಲ್ಲಿ ತಿಳಿಯದವರು ತಾವು, ತಿಳಿದವನು ಅಂಗಡಿಯವನು. ಇಲ್ಲಿ ತಿಳಿದವರು ತಾವು.

‘ಅಮ್ಮ, ಇದನ್ನು ಐದು ಸಾವಿರಕ್ಕೆ ಕೊಡಬೇಡಿ. ಸರಿಮಾಡಿದರೆ ಓಡುವ ಗಾಡಿ. ಹೀಗೆ ಇದ್ದ ಹಾಗೆಯೇ ಮಾರಿದರೂ ನಲವತ್ತು ಸಾವಿರಕ್ಕೆ ಕೊಳ್ಳುವವರಿದ್ದಾರೆ’ ಎಂದರು.

ಮುದುಕಿ ಕೃತಜ್ಞತೆಯಿಂದ ಕೈಮುಗಿಯಲಿಲ್ಲ. ಅವರನ್ನು ಮೇಲಿಂದ ಕೆಳಗೆ ನೋಡಿ, ‘ಅಂಗಂದ್ರೆ ನೀವು ಯಾಕೆ ಬಂದ್ರಿ?’ ಎಂದು ಕೇಳಿದಳು. ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ನಲವತ್ತು ಸಾವಿರ ಕೊಡುವ ಶಕ್ತಿಯೂ ಇರಲಿಲ್ಲ. ಮೊಮ್ಮಗ ಊರಿಗೆ ಬಂದಾಗ ಕೇಳುತ್ತೇನೆಂದು ಆಕೆ ಗೋಣಿತಾಟನ್ನು ಮತ್ತೆ ಹೊದಿಸಿದಳು. ಮರಳಿ ಬರುವ ಬಸ್ಸಿನಲ್ಲಿ ಮೆಕ್ಯಾನಿಕ್ ಒಂದು ಮಾತನ್ನೂ ಆಡಲಿಲ್ಲ. ಅವನ ಎರಡು ದಿನದ ಕೆಲಸ ಕೆಟ್ಟಿತ್ತು, ಬರಬೇಕಾಗಿದ್ದ ಪಾಲೂ ತಪ್ಪಿತ್ತು. ಸತ್ಯವನ್ನು ಹೇಳಿದವರು ತಾವಾದರೂ ಅದರ ಬೆಲೆಯಲ್ಲಿ ಒಂದು ಭಾಗವನ್ನು ಬಡವನಾದ ಅವನೂ ತೆತ್ತನೆಂಬುದು ಉಪಾಧ್ಯಾಯರನ್ನು ಬಹಳ ದಿನ ಕಾಡಿತು. ಆ ಎರಡು ದಿನದ ಕೂಲಿಯನ್ನು ಅವರು ಕೊಟ್ಟರು; ಅವನು ಒಲ್ಲೆನೆನ್ನಲಿಲ್ಲ, ಸಂತೋಷವನ್ನೂ ತೋರಲಿಲ್ಲ.

ಕಡೆಗೆ ಹಳೆಯ ಕ್ರ್ಯಾಂಕನ್ನೇ ಲೇತಿನವರಲ್ಲಿ ಬಿಚ್ಚಿಸಿ, ಹೊಸ ಪಿನ್ನು, ಬೇರಿಂಗು, ರಾಡ್ ಕೂಡಿಸಿ, ಓರೆಯಾಗದಂತೆ ಸರಿಹೊಂದಿಸಿ ತಂದರು. ಎರಡು ತಿಂಗಳು ಹಿಡಿಯಿತು. ರೈಲು, ಬಸ್ಸು, ಕೂಲಿ, ಎಸೆದ ರಿಂಗು ಎಲ್ಲವೂ ಸೇರಿ ಹದಿನಾಲ್ಕು ಸಾವಿರ ರೂಪಾಯಿ ದಾಟಿತು. ಗಾಡಿ ಈಗ ಓಡುತ್ತಿದೆ. ಬಹುಕಾಲ ಬಾಳುವುದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಇದು ಲೋಕಲ್ ಮಾಲೆಂದು ಲೇತಿನವರು ಮೊದಲೇ ಸ್ಪಷ್ಟವಾಗಿ ಹೇಳಿದ್ದರು. ಹಾಗೆ ಹೇಳಿದ್ದರಿಂದಲೇ ಆ ಹಣವನ್ನು ಕೊಡುವಾಗ ಅವರಿಗೆ ನೋವಾಗಲಿಲ್ಲ.

ಹಳೆಯ ಬಿಡಿಭಾಗದ ಬೆಲೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಲೋಹದ ಬೆಲೆಯುಂಟು, ಕಡೆದವನ ಕೂಲಿಯುಂಟು, ಕಾಪಾಡಿದವನ ತಾಳ್ಮೆಗೆ ಸಲ್ಲುವ ಪ್ರತಿಫಲವುಂಟು, ಹುಡುಕಿದವನ ಅಲೆದಾಟವುಂಟು. ಇವೆಲ್ಲವೂ ಧರ್ಮಸಮ್ಮತವಾದ ಬೆಲೆಯೇ. ಇವುಗಳ ಜೊತೆಗೆ ಅನೇಕ ಸಲ ಇನ್ನೊಂದು ಅಂಶ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಎದುರಿನವರಿಗೆ ತಿಳಿಯದಿರುವುದರಿಂದ ದೊರೆಯುವ ಲಾಭ ಅದು. ಕೊಳ್ಳುವವರಾಗಿ ಅದರಿಂದ ನೊಂದವರೇ ಮಾರುವವರ ಅಜ್ಞಾನದ ಎದುರಿಗೆ ನಿಂತಾಗ ಅದನ್ನು ಜಾಣತನವೆಂದು ಕರೆಯುತ್ತಾರೆ. ಮನೆಯ ಅಟ್ಟದ ಹಿತ್ತಾಳೆಯನ್ನು ತೂಕಕ್ಕೆ ಕೊಡುವಾಗ, ಬಸದಿಯ ಹಳೆಯ ಸಾಮಾನನ್ನು ವಿಲೇವಾರಿ ಮಾಡುವಾಗ, ಆಳಿನ ಮನೆಯಿಂದ ಏನನ್ನಾದರೂ ಕೊಳ್ಳುವಾಗ ಇದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ಎದುರಾಗುವುದನ್ನು ಎಲ್ಲರೂ ತಮ್ಮ ತಮ್ಮ ಅನುಭವದಲ್ಲಿ ಕಂಡುಕೊಳ್ಳಬಹುದು.

ಕಳೆದ ವರ್ಷ ಎಣ್ಣೆ ಬದಲಾಯಿಸಲು ಉಪಾಧ್ಯಾಯರು ಮೆಕ್ಯಾನಿಕ್ಕಿನ ಅಂಗಡಿಗೆ ಹೋಗಿದ್ದರು. ತಾತನ ಜಾವಾ ಗಾಡಿಯನ್ನು ತಂದಿದ್ದ ಒಬ್ಬ ಹುಡುಗ ಹಣ ಎಣಿಸುತ್ತ ನಿಂತಿದ್ದ. ಅಂಗಡಿಯಲ್ಲಿ ಬಿಲ್ಲು ಬರೆಯುವ ಪದ್ಧತಿ ಮೊದಲು ಇರಲಿಲ್ಲ. ಆ ದಿನ ಒಂದು ಚೀಟಿಯಲ್ಲಿ ಮೆಕ್ಯಾನಿಕ್ ಬರೆಯುತ್ತಿದ್ದ: ಪಾಯಿಂಟ್, ಹಳೆಯ ಕಂಪನಿಯದು, ಕ್ಲಚ್ ಪ್ಲೇಟ್, ಲೋಕಲ್, ರಿಂಗು, ಲೋಕಲ್. ಉಪಾಧ್ಯಾಯರು ಅದನ್ನು ನೋಡಿದರು. ಅವರು ನೋಡಿದ್ದನ್ನು ಅವನೂ ನೋಡಿದ. ಹಳ್ಳಿಯ ವಿಷಯ ಇಬ್ಬರೂ ಎತ್ತಲಿಲ್ಲ. ‘ಕುಳಿತುಕೊಳ್ಳಿ ಮೇಷ್ಟ್ರೇ’ ಎಂದು ಅವನು ಸ್ಟೂಲನ್ನು ಒರೆಸಿ ಮುಂದಕ್ಕಿಟ್ಟ.